ಇಳಿಜಾರು ಚಾವಣಿಗೆ ಎಷ್ಟು ದಪ್ಪದ ಶಾಖನಿರೋಧಕ ಬೇಕು?

ಪ್ರಶ್ನೆ: ನಮ್ಮ ಮನೆಗೆ ಹೆಂಚು ಹೊದೆಸಿದ ಇಳಿಜಾರು ಮಾಡು ಇದೆ. ಖಾಲಿ ಬಿದ್ದಿರುವ ಅಟ್ಟವನ್ನು ಮಲಗುವ ಕೋಣೆಯಾಗಿ ಮಾಡಿಕೊಳ್ಳಬೇಕೆಂದಿದ್ದೇವೆ. ಮರದ ಪಕಾಸುಗಳು 200 ಮಿ.ಮೀ. ಆಳ, 50 ಮಿ.ಮೀ. ಅಗಲ ಇವೆ, 600 ಮಿ.ಮೀ.ಗೆ ಒಂದರಂತೆ ಕೂಡಿಸಿದ್ದಾರೆ. ಹೆಂಚಿನ ಕೆಳಗೆ ಹಳೆಯ ಟಾರು ಹಾಳೆ ಇದೆ. ಚಳಿಗಾಲದಲ್ಲಿ ಹೊರಗಿನ ಉಷ್ಣಾಂಶ ಸೊನ್ನೆಯ ಆಸುಪಾಸಿಗೆ ಇಳಿಯುತ್ತದೆ, ಬೇಸಿಗೆಯಲ್ಲಿ 35 ಡಿಗ್ರಿಗೆ ಏರುತ್ತದೆ. ಒಬ್ಬ ಗುತ್ತಿಗೆದಾರರು 100 ಮಿ.ಮೀ. ಗ್ಲಾಸ್ ವುಲ್ ಸಾಕು ಎನ್ನುತ್ತಾರೆ. ಇನ್ನೊಬ್ಬರು 300 ಮಿ.ಮೀ.ಗಿಂತ ಕಡಿಮೆ ಹಾಕಿದರೆ ಹಾಕಿದ್ದೇ ದಂಡ ಎನ್ನುತ್ತಾರೆ. ಯಾರ ಮಾತನ್ನು ನಂಬಬೇಕು?

ಉತ್ತರ: ನಿಮ್ಮ ಮಾಡಿನ ಇಳಿಜಾರು ಭಾಗಕ್ಕೆ ಇಬ್ಬರ ಅಳತೆಯೂ ಹೊಂದುವುದಿಲ್ಲ. ಪಕಾಸುಗಳ ನಡುವೆ 150 ಮಿ.ಮೀ. ಗ್ಲಾಸ್ ವುಲ್ ಇಟ್ಟು, ಅದರ ಮೇಲೆ ಟಾರು ಹಾಳೆಯವರೆಗೆ 50 ಮಿ.ಮೀ. ಗಾಳಿಯಾಡುವ ಜಾಗ ಬಿಟ್ಟು, ಪಕಾಸುಗಳ ಕೆಳಮೈಗೆ 50 ಮಿ.ಮೀ. ದಪ್ಪದ ಫೋಮ್ ಹಲಗೆಯನ್ನು ಎಲ್ಲಿಯೂ ತುಂಡಾಗದಂತೆ ಹೊದಿಸಿ, ಕೋಣೆಯ ಕಡೆಗೆ ಜಿಪ್ಸಂ ಬೋರ್ಡ್ ಹೊಡೆಸಿ ಎಂಬುದು ನನ್ನ ಸಲಹೆ. 300 ಮಿ.ಮೀ. ಎಂದವರ ಮಾತು ಸಲ್ಲುವ ಜಾಗವೊಂದು ನಿಮ್ಮ ಮಾಡಿನಲ್ಲಿಯೇ ಇದೆ. ಅದನ್ನು ಮುಂದೆ ಹೇಳುತ್ತೇನೆ. ಅಂಕಿಗಿಂತ ಅದರ ಹಿಂದಿನ ಕಾರಣವನ್ನು ತಿಳಿದುಕೊಂಡರೆ ನಿಮಗೆ ಹೆಚ್ಚು ಉಪಯೋಗ, ಏಕೆಂದರೆ ಕೆಲಸ ನಡೆಯುವಾಗ ಅಳತೆಗಳು ಅಲ್ಲಲ್ಲಿ ಬದಲಾಗುತ್ತವೆ ಮತ್ತು ಆಗ ತೀರ್ಮಾನ ನಿಮ್ಮದೇ ಆಗಿರುತ್ತದೆ.

ದಪ್ಪವನ್ನು ಕುರಿತು ಯೋಚಿಸುವ ಮೊದಲು ನಿರೋಧಕದ ಪದರ ಎಲ್ಲಿ ಹಾಯಬೇಕು ಎಂಬುದನ್ನು ನಿಶ್ಚಯಿಸಬೇಕು. ಅಟ್ಟವನ್ನು ಬಳಸದವರು ಅದನ್ನು ಅಟ್ಟದ ನೆಲದ ಮೇಲೆಯೇ ಹಾಸುವುದು ಲೇಸು. ಮಾಡಿನ ಇಳಿಜಾರು 45 ಡಿಗ್ರಿ ಇದ್ದರೆ ಅದರ ಮೈಯ ವಿಸ್ತಾರ ಕೆಳಗಿನ ನೆಲದ 1.41 ಪಟ್ಟು ಆಗುತ್ತದೆ, 30 ಡಿಗ್ರಿ ಇದ್ದರೆ 1.15 ಪಟ್ಟು, ಜೊತೆಗೆ ಎರಡೂ ತುದಿಯ ತ್ರಿಕೋನ ಗೋಡೆಗಳನ್ನೂ ಹೊದಿಸಬೇಕಾಗುತ್ತದೆ. ನೆಲದ ಮೇಲೆ ಹಾಸಿದರೆ ವಿಸ್ತಾರವೂ ಕಡಿಮೆ, ದಪ್ಪಕ್ಕೂ ಅಡ್ಡಿಯಿಲ್ಲ. ನಿಮಗೆ ಅಟ್ಟದಲ್ಲಿ ಮಲಗುವ ಕೋಣೆ ಬೇಕಾಗಿರುವುದರಿಂದ ಪದರವು ಇಳಿಜಾರನ್ನೇ ಅನುಸರಿಸಬೇಕು, ಅಲ್ಲಿ ಪ್ರತಿಯೊಂದು ಮಿಲಿಮೀಟರಿಗೂ ತಲೆಯ ಮೇಲಿನ ಎತ್ತರದ ರೂಪದಲ್ಲಿ ಬೆಲೆ ತೆರಬೇಕು.

ಈಗ ಲೆಕ್ಕಕ್ಕೆ ಬರೋಣ. ಯಾವುದೇ ಪದರದ ಉಷ್ಣ ನಿರೋಧವೆಂದರೆ ಮೀಟರಿನಲ್ಲಿ ಅಳೆದ ಅದರ ದಪ್ಪವನ್ನು ಆ ವಸ್ತುವಿನ ಉಷ್ಣವಾಹಕತೆಯಿಂದ ಭಾಗಿಸಿದಾಗ ಬರುವ ಸಂಖ್ಯೆ. ಸಾಮಾನ್ಯ ಗ್ಲಾಸ್ ವುಲ್‌ನ ವಾಹಕತೆ 0.04ರ ಹತ್ತಿರ ಇರುತ್ತದೆ, ಮೆದು ಮರದ್ದು 0.13, ಪಿಐಆರ್ ಎಂಬ ಫೋಮ್ ಹಲಗೆಯದು 0.022ರಿಂದ 0.026. ಪದರಗಳ ನಿರೋಧಗಳನ್ನೆಲ್ಲ ಕೂಡಿಸಿ, ಒಳಮೈ ಮತ್ತು ಹೊರಮೈಗೆ ಅಂಟಿಕೊಂಡಿರುವ ತೆಳು ಗಾಳಿಯ ನಿರೋಧವನ್ನೂ ಸೇರಿಸಿ, ಒಂದನ್ನು ಆ ಮೊತ್ತದಿಂದ ಭಾಗಿಸಿದರೆ ಸಿಗುವುದೇ ಯು ಮೌಲ್ಯ: ಒಳಗೂ ಹೊರಗೂ ಒಂದು ಡಿಗ್ರಿ ವ್ಯತ್ಯಾಸವಿದ್ದಾಗ ಒಂದು ಚದರ ಮೀಟರಿನ ಮೂಲಕ ಎಷ್ಟು ವ್ಯಾಟ್ ಶಾಖ ಹಾಯುತ್ತದೆ ಎಂಬುದರ ಅಳತೆ. ಈ ಲೆಕ್ಕದ ಕ್ರಮವನ್ನು ಐಎಸ್‌ಒ 6946 ಎಂಬ ಮಾನಕ ವಿಧಿಸುತ್ತದೆ. ಶಾಖ ಮೇಲ್ಮುಖವಾಗಿ ಹೋಗುವಾಗ ಒಳಮೈಯ ಗಾಳಿಗೆ 0.10 ನಿರೋಧವನ್ನು ಹಿಡಿಯಬೇಕು. ಹೊರಗೆ ಚೆನ್ನಾಗಿ ಗಾಳಿಯಾಡುವ ಜಾಗವಿದ್ದರೆ ಅದರಾಚೆಗಿನ ಹೆಂಚು, ರೀಪುಗಳನ್ನೆಲ್ಲ ಲೆಕ್ಕದಿಂದ ಬಿಟ್ಟು ಅಲ್ಲಿಗೂ 0.10 ಹಿಡಿಯಬೇಕು. 12.5 ಮಿ.ಮೀ. ಜಿಪ್ಸಂ ಬೋರ್ಡ್‌ಗೆ 0.05. ಅಂದರೆ ನಿರೋಧಕವನ್ನೇ ಹಾಕದಿದ್ದರೆ ನಿಮ್ಮ ಮಾಡಿನ ನಿರೋಧ ಒಟ್ಟು 0.25, ಯು ಮೌಲ್ಯ 4.

ಇದಕ್ಕೆ 50 ಮಿ.ಮೀ. ಗ್ಲಾಸ್ ವುಲ್ ಸೇರಿಸಿದರೆ ಯು ಮೌಲ್ಯ 4ರಿಂದ ಒಮ್ಮೆಲೇ 0.67ಕ್ಕೆ ಕುಸಿಯುತ್ತದೆ. ಇನ್ನೊಂದು 50 ಸೇರಿಸಿ 100 ಮಾಡಿದರೆ 0.36. 150ಕ್ಕೆ 0.25, 200ಕ್ಕೆ 0.19, 250ಕ್ಕೆ 0.15, 300ಕ್ಕೆ 0.13. ಪ್ರತಿ ಸಲ ನೀವು ಕೊಳ್ಳುವುದು ಅದೇ 50 ಮಿ.ಮೀ. ಪದರ, ಆದರೆ ಅದರಿಂದ ಸಿಗುವ ಫಲ ಸಲಸಲಕ್ಕೂ ಇಳಿಯುತ್ತ ಹೋಗುತ್ತದೆ. ಇದನ್ನು ವರ್ಷದ ಶಕ್ತಿಯ ಲೆಕ್ಕಕ್ಕೆ ತಿರುಗಿಸಿದರೆ ಇನ್ನಷ್ಟು ಸ್ಪಷ್ಟವಾಗುತ್ತದೆ. ಚಳಿಯ ತೀವ್ರತೆಯನ್ನು ಡಿಗ್ರಿ-ದಿನಗಳಲ್ಲಿ ಅಳೆಯುತ್ತಾರೆ: ಒಂದು ನಿಶ್ಚಿತ ಉಷ್ಣಾಂಶಕ್ಕಿಂತ ಹೊರಗಿನ ದಿನದ ಸರಾಸರಿ ಎಷ್ಟು ಕೆಳಗಿದೆ ಎಂಬುದನ್ನು ವರ್ಷಪೂರ್ತಿ ಕೂಡಿಸಿದ ಮೊತ್ತ ಅದು. ನಿಮ್ಮಲ್ಲಿ 2500 ಡಿಗ್ರಿ-ದಿನಗಳಿವೆ ಎಂದಿಟ್ಟುಕೊಂಡರೆ, ಅದನ್ನು 24 ಗಂಟೆಯಿಂದ ಗುಣಿಸಿ ಸಾವಿರದಿಂದ ಭಾಗಿಸಿದಾಗ 60 ಬರುತ್ತದೆ. ಯು ಮೌಲ್ಯ ಎಷ್ಟು ತಗ್ಗಿತೋ ಅದನ್ನು 60ರಿಂದ ಗುಣಿಸಿದರೆ ಚದರ ಮೀಟರಿಗೆ ವರ್ಷಕ್ಕೆ ಎಷ್ಟು ಯುನಿಟ್ ಶಾಖ ಉಳಿಯಿತೆಂದು ತಿಳಿಯುತ್ತದೆ. ಮೊದಲ 50 ಮಿ.ಮೀ. ಉಳಿಸುವುದು 200 ಯುನಿಟ್. ಎರಡನೆಯದು 18. ಮೂರನೆಯದು 7ಕ್ಕೆ ತುಸು ಕಡಿಮೆ, ನಾಲ್ಕನೆಯದು 3.6, ಐದನೆಯದು 2.2, ಆರನೆಯದು ಒಂದೂವರೆ.

100 ಸಾಕು ಎಂದವರು ಈ ಸರಣಿಯ ಮೊದಲೆರಡು ಅಂಕಿಗಳನ್ನು ನೋಡಿ ಮಾತನಾಡಿದ್ದಾರೆ. ಆದರೆ ಮಾಡನ್ನು ಬಿಚ್ಚಿ, ಕೆಲಸದವರನ್ನು ಕರೆಸಿ, ಬೋರ್ಡ್ ಹೊಡೆಸುವ ಖರ್ಚು 100ಕ್ಕೂ 150ಕ್ಕೂ ಹೆಚ್ಚುಕಡಿಮೆ ಒಂದೇ. ಹೆಚ್ಚಾಗುವುದು ಸಾಮಗ್ರಿಯ ಬೆಲೆ ಮಾತ್ರ. ಒಮ್ಮೆ ಮುಚ್ಚಿದ ಚಾವಣಿಯನ್ನು ಮತ್ತೆ ಬಿಚ್ಚಿ 50 ಮಿ.ಮೀ. ಸೇರಿಸುವವರು ಯಾರೂ ಇಲ್ಲ. ಆದುದರಿಂದ ಮೂರನೆಯ ಪದರವನ್ನು ಈಗಲೇ ಹಾಕಿಸುವುದು ವಿವೇಕ. ಐದನೆಯ, ಆರನೆಯ ಪದರಗಳ ಮಾತು ಬೇರೆ. ನಿಮ್ಮ ಊರಿನ ಡಿಗ್ರಿ-ದಿನಗಳ ಅಂಕಿಯನ್ನೂ ನೀವು ಶಾಖಕ್ಕೆ ತೆರುವ ದರವನ್ನೂ ಈ ಲೆಕ್ಕದಲ್ಲಿ ಹಾಕಿ ನೋಡಿ; ಒಂದು ಪದರ ತನ್ನ ಬೆಲೆಯನ್ನು ಎಷ್ಟು ವರ್ಷಗಳಲ್ಲಿ ಹಿಂದಿರುಗಿಸುತ್ತದೆ ಎಂಬುದು ಆಗ ಕೈಗೆ ಸಿಗುತ್ತದೆ. ಚಳಿ ಎರಡು ಪಟ್ಟು ಇರುವ ಕಡೆ ಉಳಿತಾಯವೂ ಎರಡು ಪಟ್ಟಾಗುವುದರಿಂದ ಅಲ್ಲಿ ಇನ್ನೂ ಒಂದೆರಡು ಪದರ ಸಲ್ಲುತ್ತವೆ. ಸ್ಥಳೀಯ ಕಟ್ಟಡ ನಿಯಮಗಳು ಚಾವಣಿಗೆ ಗರಿಷ್ಠ ಯು ಮೌಲ್ಯವನ್ನು ವಿಧಿಸಿದ್ದರೆ ಅದನ್ನು ಮೀರುವಂತಿಲ್ಲ, ಆದರೆ ಅದು ಕೆಳಗಿನ ಮೆಟ್ಟಿಲು ಮಾತ್ರ. ಅಲ್ಲಿಯೇ ನಿಲ್ಲಬೇಕೆಂದೇನೂ ಇಲ್ಲ.

ಮೇಲಿನ ಅಂಕಿಗಳಲ್ಲಿ ಒಂದು ಕೊರತೆಯಿದೆ, ಮತ್ತು ಬಹುತೇಕ ಅಂದಾಜು ಪಟ್ಟಿಗಳಲ್ಲಿ ಅದು ಹಾಗೆಯೇ ಉಳಿದುಬಿಡುತ್ತದೆ. ಅವೆಲ್ಲ ನಿರೋಧಕ ತುಂಬಿದ ಜಾಗದ ಅಂಕಿಗಳು. ಪಕಾಸಿನ ಮೂಲಕ ಹೋಗುವ ಶಾಖ ಅವುಗಳಲ್ಲಿ ಸೇರಿಲ್ಲ. ಮರದ ವಾಹಕತೆ ಗ್ಲಾಸ್ ವುಲ್‌ನ ಮೂರು ಪಟ್ಟಿಗೂ ಹೆಚ್ಚು. 600 ಮಿ.ಮೀ.ಗೆ 50 ಮಿ.ಮೀ. ಮರವೆಂದರೆ ಮಾಡಿನ ಮೈಯಲ್ಲಿ ನೂರಕ್ಕೆ ಎಂಟು ಪಾಲಿಗಿಂತ ತುಸು ಹೆಚ್ಚು; ಅಡ್ಡಪಟ್ಟಿಗಳು, ಕಿಟಕಿಯ ಸುತ್ತಲಿನ ಜೋಡಿ ಮರಗಳು ಸೇರಿದರೆ ಇನ್ನೂ ಹೆಚ್ಚು. ಈ ಎಂಟು ಪಾಲನ್ನು ಮಾನಕದ ಕ್ರಮದಲ್ಲಿ ಲೆಕ್ಕಕ್ಕೆ ಸೇರಿಸಿದರೆ 150 ಮಿ.ಮೀ. ಗ್ಲಾಸ್ ವುಲ್‌ನ ಯು ಮೌಲ್ಯ 0.25 ಅಲ್ಲ, 0.29. ನೀವು 150 ಮಿ.ಮೀ. ಕೊಂಡು 128 ಮಿ.ಮೀ.ನ ಫಲ ಪಡೆದಂತಾಯಿತು. ಪಕಾಸುಗಳು ಮರದವಲ್ಲದೆ ಕಬ್ಬಿಣದವಾಗಿದ್ದರೆ ಈ ನಷ್ಟ ಬಹಳ ದೊಡ್ಡದಾಗುತ್ತದೆ, ಏಕೆಂದರೆ ಉಕ್ಕಿನ ವಾಹಕತೆ 50ರ ಆಸುಪಾಸು. ಅಂಥ ಮಾಡಿಗೆ ನಡುವೆ ತುಂಬುವುದಕ್ಕಿಂತ ಹೊರಗೋ ಒಳಗೋ ಒಂದೇ ಸಮನೆ ಹೊದಿಸುವುದೇ ಸರಿಯಾದ ದಾರಿ.

ಇನ್ನೊಂದು 50 ಮಿ.ಮೀ. ಸೇರಿಸಲು ನಿಮಗೆ ಎರಡು ದಾರಿಗಳಿವೆ. ಗಾಳಿಯ ಜಾಗವನ್ನೂ ಮುಚ್ಚಿ ಪಕಾಸಿನ ಪೂರ್ತಿ 200 ಮಿ.ಮೀ. ಆಳಕ್ಕೆ ಗ್ಲಾಸ್ ವುಲ್ ತುಂಬಿದರೆ ಯು ಮೌಲ್ಯ 0.22ಕ್ಕೆ ಬರುತ್ತದೆ. ಅದರ ಬದಲು 150ನ್ನು ಹಾಗೆಯೇ ಬಿಟ್ಟು, ಪಕಾಸುಗಳ ಕೆಳಗೆ 50 ಮಿ.ಮೀ. ಫೋಮ್ ಹಲಗೆ ಹೊದಿಸಿದರೆ 0.18. ಹಲಗೆಯ ಗುಣ ಹೆಚ್ಚಿನದು ಎಂಬುದು ಅದಕ್ಕೆ ಒಂದು ಕಾರಣ. ಅದು ಮರವನ್ನೂ ಮುಚ್ಚುತ್ತದೆ ಎಂಬುದು ಇನ್ನೊಂದು. ನಾನು ಮೊದಲೇ 50 ಮಿ.ಮೀ. ಹಲಗೆಯನ್ನು ಸೂಚಿಸಿದ್ದು ಇದಕ್ಕಾಗಿ. ಇದಕ್ಕೂ ಮುಂದೆ ಹೋಗಿ ಯು ಮೌಲ್ಯವನ್ನು 0.13ಕ್ಕೆ ಇಳಿಸಬೇಕೆಂದರೆ ನಿಮ್ಮ ಡಿಗ್ರಿ-ದಿನಗಳಲ್ಲಿ ಸಿಗುವುದು ಚದರ ಮೀಟರಿಗೆ ವರ್ಷಕ್ಕೆ 3 ಯುನಿಟ್ ಮಾತ್ರ, ಆದರೆ ಚಾವಣಿ ಮತ್ತಷ್ಟು ಕೆಳಗಿಳಿಯುತ್ತದೆ. 300 ಮಿ.ಮೀ. ಗ್ಲಾಸ್ ವುಲ್‌ಗಾಗಿ 40 ಡಿಗ್ರಿ ಇಳಿಜಾರಿನಲ್ಲಿ ಪಕಾಸುಗಳ ಕೆಳಗೆ 150 ಮಿ.ಮೀ. ದಪ್ಪ ಹೆಚ್ಚಿಸಿದರೆ ನೇರ ಎತ್ತರದಲ್ಲಿ ಸುಮಾರು 200 ಮಿ.ಮೀ. ಕಳೆದುಹೋಗುತ್ತದೆ. ಅಟ್ಟದ ಕೋಣೆಯಲ್ಲಿ ಅಷ್ಟು ಎತ್ತರ ಬಿಟ್ಟುಕೊಡುವುದು ನನಗೆ ಒಪ್ಪಿಗೆಯಾಗುವ ವ್ಯವಹಾರವಲ್ಲ.

ಪಕಾಸನ್ನು ಪೂರ್ತಿ ತುಂಬಬಾರದು ಎಂದು ನಾನು ಒತ್ತಿ ಹೇಳುವುದಕ್ಕೆ ಶಾಖಕ್ಕಿಂತ ತೇವ ಕಾರಣ. 20 ಡಿಗ್ರಿಯ ಒಂದು ಘನ ಮೀಟರ್ ಗಾಳಿ ಸುಮಾರು 17 ಗ್ರಾಂ ನೀರಾವಿಯನ್ನು ಹಿಡಿಯಬಲ್ಲದು, ಸೊನ್ನೆ ಡಿಗ್ರಿಯ ಗಾಳಿ 5 ಗ್ರಾಂನಷ್ಟನ್ನೂ ಹಿಡಿಯಲಾರದು. ಮಲಗುವ ಕೋಣೆಯಲ್ಲಿ ರಾತ್ರಿ 20 ಡಿಗ್ರಿ, ಸಾಪೇಕ್ಷ ಆರ್ದ್ರತೆ ನೂರಕ್ಕೆ 60 ಇದ್ದರೆ ಆ ಗಾಳಿಯ ಇಬ್ಬನಿ ಬಿಂದು 12 ಡಿಗ್ರಿ. ಅದಕ್ಕಿಂತ ತಣ್ಣಗಿರುವ ಯಾವ ಮೈಯನ್ನು ಮುಟ್ಟಿದರೂ ಅದು ನೀರನ್ನು ಬಿಟ್ಟುಬಿಡುತ್ತದೆ. ನಿಮ್ಮ ಟಾರು ಹಾಳೆ ಅಂಥ ಮೈ. ನಿರೋಧಕ ಹೆಚ್ಚಿದಷ್ಟೂ ಅದರ ಹೊರಗಿನ ಭಾಗ ತಣ್ಣಗಾಗುವುದರಿಂದ ಈ ಅಪಾಯವೂ ಹೆಚ್ಚುತ್ತದೆ. ನಿರೋಧಕವಿಲ್ಲದೆ ದಶಕಗಟ್ಟಲೆ ಒಣಗಿಯೇ ಇದ್ದ ಮರ ನಿರೋಧಕ ಹಾಕಿದ ಮೇಲೆ ಬೂಸಲು ಹಿಡಿಯುವುದು ಹೀಗೆ. ಟಾರು ಹಾಳೆ ಆವಿಯನ್ನು ಹೊರಬಿಡುವುದಿಲ್ಲವಾದ್ದರಿಂದ ಅದರ ಕೆಳಗೆ ಸೂರಿನಿಂದ ನೆತ್ತಿಯವರೆಗೆ 50 ಮಿ.ಮೀ. ಗಾಳಿಯ ದಾರಿ ಅಗತ್ಯ. ಸೂರಿನ ಉದ್ದಕ್ಕೂ 25 ಮಿ.ಮೀ., ನೆತ್ತಿಯ ಉದ್ದಕ್ಕೂ 5 ಮಿ.ಮೀ. ಸೀಳಿಗೆ ಸಮನಾದ ತೆರಪು ಬಿಡುವುದು ರೂಢಿ. ಹೆಂಚು ಬಿಚ್ಚಿಸುವ ಯೋಚನೆಯೇನಾದರೂ ಇದ್ದರೆ ಟಾರು ಹಾಳೆಯ ಜಾಗದಲ್ಲಿ ಆವಿಯನ್ನು ಬಿಡುವ ಆಧುನಿಕ ಹಾಳೆಯನ್ನು ಹಾಕಿಸಿ, ಗಾಳಿಯ ದಾರಿಯನ್ನು ಅದರ ಮೇಲೆ, ರೀಪುಗಳ ಕೆಳಗೆ ಕೊಡಬಹುದು. ಆಗ ಪಕಾಸಿನ ಪೂರ್ತಿ ಆಳ ನಿರೋಧಕಕ್ಕೆ ಸಿಗುತ್ತದೆ.

ಆವಿಯನ್ನು ಒಳಗಡೆಯೇ ತಡೆಯುವುದು ಇದರ ಇನ್ನರ್ಧ. ಪಿಐಆರ್ ಫೋಮ್ ಹಲಗೆಗಳಿಗೆ ಸಾಮಾನ್ಯವಾಗಿ ಅಲ್ಯೂಮಿನಿಯಂ ಹಾಳೆಯ ಹೊದಿಕೆಯಿರುತ್ತದೆ; ಅವುಗಳ ಸಂದುಗಳಿಗೆಲ್ಲ ಅಲ್ಯೂಮಿನಿಯಂ ಟೇಪ್ ಅಂಟಿಸಿದರೆ ಅದೇ ಆವಿತಡೆಯಾಗುತ್ತದೆ. ಹೊರಗೆ ಸೊನ್ನೆ ಡಿಗ್ರಿ ಇರುವಾಗ ಈ ರಚನೆಯಲ್ಲಿ ಹಲಗೆಗೂ ಗ್ಲಾಸ್ ವುಲ್‌ಗೂ ನಡುವಿನ ಮೈ 12.8 ಡಿಗ್ರಿಯಲ್ಲಿರುತ್ತದೆ, ಅಂದರೆ ಇಬ್ಬನಿ ಬಿಂದುವಿಗಿಂತ ಕೂದಲೆಳೆಯಷ್ಟು ಮಾತ್ರ ಮೇಲೆ. ಆದುದರಿಂದ ಟೇಪ್ ಅಂಟಿಸಬೇಕಾದದ್ದು ಹಲಗೆಯ ಕೋಣೆಯ ಕಡೆಯ ಮೈಗೆ, ಅಲ್ಲಿ ಉಷ್ಣಾಂಶ 19 ಡಿಗ್ರಿ ದಾಟಿರುತ್ತದೆ. ಹಾಳೆಯ ಮೂಲಕ ಸೋರುವ ಆವಿಗಿಂತ ತೂತುಗಳ ಮೂಲಕ ಗಾಳಿಯೊಡನೆ ನುಗ್ಗುವ ಆವಿ ಎಷ್ಟೋ ಪಾಲು ಹೆಚ್ಚು ಎಂಬುದನ್ನು ಮರೆಯಬೇಡಿ. ವೈರಿನ ತೂತು, ಚಾವಣಿಯಲ್ಲಿ ಹುದುಗಿಸುವ ದೀಪದ ಗುಂಡಿ, ತ್ರಿಕೋನ ಗೋಡೆಗೆ ಹಲಗೆ ತಾಗುವ ಅಂಚು, ಇವೇ ಆ ದಾರಿಗಳು. ಹುದುಗಿಸುವ ದೀಪಗಳನ್ನು ಇಳಿಜಾರಿನಲ್ಲಿ ಹಾಕಿಸಲೇಬೇಡಿ, ಗೋಡೆಯ ದೀಪಗಳು ಸಾಕು.

ಇದನ್ನು ಓದುವವರಲ್ಲಿ ಸೆಕೆಯ, ತೇವದ ಹವೆಯಲ್ಲಿದ್ದು ಕೋಣೆಗೆ ಎಸಿ ಹಾಕಿಕೊಂಡಿರುವವರೂ ಇರಬಹುದು. ಅವರಿಗೆ ಆವಿಯ ದಿಕ್ಕು ತಿರುವುಮುರುವಾಗುತ್ತದೆ: ಬಿಸಿಯೂ ತೇವವೂ ಹೊರಗಿರುತ್ತವೆ, ತಣ್ಣನೆಯ ಮೈ ಒಳಗಿರುತ್ತದೆ. ಅವರು ಒಳಗಡೆ ಪ್ಲಾಸ್ಟಿಕ್ ಹಾಳೆ ಹೊಡೆಸಿದರೆ ನೀರು ಅದರ ಬೆನ್ನಿನ ಮೇಲೆಯೇ ಕೂರುತ್ತದೆ. ಚಳಿ ದೇಶದ ಚಿತ್ರವನ್ನು ನೋಡಿ ಅಲ್ಲಿ ನಕಲು ಮಾಡಬಾರದು.

ನಿಮ್ಮಲ್ಲಿ ಬೇಸಿಗೆಯೂ ಕಠಿಣವಾದ್ದರಿಂದ ಬಿಸಿಲಿನ ಲೆಕ್ಕವೂ ಬೇಕು. ಬಿಸಿಲು ನೇರ ಬೀಳುವ ಮಾಡಿಗೆ ಹೊರಗಿನ ಗಾಳಿಯ 35 ಡಿಗ್ರಿಯಲ್ಲ, ಬಿಸಿಲು ಕಾಯಿಸಿದ ಮೈಯ ಉಷ್ಣಾಂಶ ಮುಖ್ಯ. ಚದರ ಮೀಟರಿಗೆ 900 ವ್ಯಾಟ್ ಬಿಸಿಲು ಬೀಳುತ್ತಿದ್ದು, ಅದರ ನೂರಕ್ಕೆ 80 ಪಾಲನ್ನು ಹೀರುವ ಗಾಢ ಬಣ್ಣದ ಹೆಂಚಿದ್ದರೆ ಆ ಮೈ ಸುಮಾರು 71 ಡಿಗ್ರಿಗೆ ಏರುತ್ತದೆ. 30 ಪಾಲನ್ನಷ್ಟೇ ಹೀರುವ ತಿಳಿ ಬಣ್ಣದ್ದಾದರೆ 49ರ ಒಳಗೆ ಉಳಿಯುತ್ತದೆ. ಕೋಣೆ 27 ಡಿಗ್ರಿಯಲ್ಲಿದ್ದರೆ ಮೊದಲನೆಯದರಲ್ಲಿ ವ್ಯತ್ಯಾಸ 44 ಡಿಗ್ರಿ, ಎರಡನೆಯದರಲ್ಲಿ 22ಕ್ಕೂ ತುಸು ಕಡಿಮೆ. ಹೆಂಚಿನ ಬಣ್ಣ ಬದಲಿಸುವುದು ನಡುಹಗಲಿನ ಶಾಖವನ್ನು ಅರ್ಧಕ್ಕಿಳಿಸುತ್ತದೆ, ನಿರೋಧಕವನ್ನು ಇಮ್ಮಡಿಸಿದಷ್ಟೇ ಫಲ. ಆದರೆ ಆ ಅರ್ಧದ ಬೆಲೆ ಒಳಗೆ ಎಷ್ಟು ನಿರೋಧಕವಿದೆ ಎಂಬುದರ ಮೇಲೆ ನಿಂತಿದೆ. 50 ಮಿ.ಮೀ. ಗ್ಲಾಸ್ ವುಲ್ ಮಾತ್ರ ಇರುವ ಮಾಡಿನಲ್ಲಿ ಬಣ್ಣದಿಂದ ಚದರ ಮೀಟರಿಗೆ 29 ವ್ಯಾಟ್ ಇದ್ದದ್ದು 14ಕ್ಕೆ ಇಳಿಯುತ್ತದೆ, ನಿಮ್ಮ 0.18ರ ಮಾಡಿನಲ್ಲಿ 8 ಇದ್ದದ್ದು 4ಕ್ಕೆ. ಹೆಂಚು ಬದಲಿಸುವ ಸಂದರ್ಭ ಬಂದರೆ ತಿಳಿ ಬಣ್ಣದ್ದನ್ನೇ ಆರಿಸಿ. ಅದಕ್ಕಾಗಿಯೇ ಬದಲಿಸುವ ಅಗತ್ಯ ನಿಮಗಿಲ್ಲ. ಸೆಕೆಯ ನಾಡಿನಲ್ಲಿ ತೆಳು ನಿರೋಧಕದ ಮನೆಯವರು ಮಾತ್ರ ಮೊದಲು ಬಣ್ಣದ ಕಡೆಗೇ ನೋಡಬೇಕು.

ಹೊಳೆಯುವ ಹಾಳೆಯೊಂದನ್ನೇ ನಿರೋಧಕವೆಂದು ಮಾರುವವರಿದ್ದಾರೆ. ಬಿಸಿ ಮಾಡಿನಿಂದ ಕೆಳಕ್ಕೆ ಬರುವ ಶಾಖದಲ್ಲಿ ವಿಕಿರಣದ ಪಾಲು ದೊಡ್ಡದಾದ್ದರಿಂದ ಆ ಹಾಳೆ ನಿಜವಾಗಿ ಕೆಲಸ ಮಾಡುತ್ತದೆ, ಆದರೆ ಅದರ ಹೊಳೆಯುವ ಮೈಯ ಎದುರಿಗೆ ಗಾಳಿಯ ಜಾಗ ಇರಬೇಕು ಮತ್ತು ಅದರ ಮೇಲೆ ಧೂಳು ಕೂರಬಾರದು. ಎರಡು ವಸ್ತುಗಳ ನಡುವೆ ಒತ್ತಿ ಸಿಕ್ಕಿಸಿದ ಹಾಳೆ ವಿಕಿರಣವನ್ನು ತಡೆಯುವುದಿಲ್ಲ. ಚಳಿಗಾಲದ ನಷ್ಟಕ್ಕೆ ಅದೊಂದನ್ನೇ ನಂಬುವಂತಿಲ್ಲ.

ವಸ್ತುವಿನ ಆಯ್ಕೆಯಲ್ಲಿ ವಾಹಕತೆಯ ಅಂಕಿಯೊಂದನ್ನೇ ನೋಡಬಾರದು. ಪಕಾಸುಗಳ ನಡುವೆ ನಾನು ಗಟ್ಟಿ ಹಲಗೆಯ ಬದಲು ಗ್ಲಾಸ್ ವುಲ್ ಅಥವಾ ರಾಕ್ ವುಲ್ ಸೂಚಿಸಲು ಕಾರಣ, ಹಳೆಯ ಪಕಾಸುಗಳು ನೇರವಾಗಿರುವುದಿಲ್ಲ. ಗಟ್ಟಿ ಹಲಗೆಯನ್ನು ಎಷ್ಟೇ ಜಾಗರೂಕತೆಯಿಂದ ಕೊಯ್ದರೂ ಬದಿಯಲ್ಲಿ ಸಂದು ಉಳಿದು ತಣ್ಣನೆಯ ಗಾಳಿ ಅದರ ಹಿಂದೆ ಸುತ್ತಾಡುತ್ತದೆ. ಉಣ್ಣೆಯಂತಿರುವ ಹಾಸನ್ನು ಜಾಗಕ್ಕಿಂತ 10ರಿಂದ 20 ಮಿ.ಮೀ. ಅಗಲ ಕೊಯ್ದು ತುರುಕಿದರೆ ಅದು ತಾನೇ ಹಿಗ್ಗಿ ಮರಕ್ಕೆ ಒತ್ತಿಕೊಳ್ಳುತ್ತದೆ. ಆದರೆ ದಪ್ಪದ ದಿಕ್ಕಿನಲ್ಲಿ ಅದನ್ನು ಅದುಮಬಾರದು, 200 ಮಿ.ಮೀ. ಹಾಸನ್ನು 150ರಲ್ಲಿ ಒತ್ತಿ ಕೂರಿಸಿದರೆ 200ರ ಫಲ ಸಿಗುವುದಿಲ್ಲ, ಗಾಳಿಯ ದಾರಿಗೂ ಅದು ಉಬ್ಬಿ ಬರುತ್ತದೆ. ತೇವವಾದ ನಿರೋಧಕ ಯಾವುದಾದರೂ ಕೆಟ್ಟಂತೆಯೇ. ನೀರಿನ ವಾಹಕತೆ ನಿಶ್ಚಲ ಗಾಳಿಯದಕ್ಕಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು. ಆದುದರಿಂದ ಒಡೆದ ಹೆಂಚನ್ನು ಮೊದಲು ಸರಿಪಡಿಸಿಕೊಳ್ಳಿ. ಫೋಮ್ ಉರಿಯುವ ವಸ್ತು, ಅದನ್ನು ಬೋರ್ಡ್ ಮುಚ್ಚದೆ ಎಂದೂ ಬಿಡಬಾರದು. ಬೇಸಿಗೆಯ ಶಾಖ ಕೋಣೆಯನ್ನು ತಡವಾಗಿ ತಲುಪಲಿ ಎಂಬುದು ನಿಮ್ಮ ಮುಖ್ಯ ಕಾಳಜಿಯಾದರೆ ಮರದ ನಾರಿನ ಭಾರದ ಹಲಗೆಯನ್ನು ಪರಿಶೀಲಿಸಬಹುದು. ಅದರ ವಾಹಕತೆ 0.04ರಿಂದ 0.05, ಆದರೆ ತೂಕದಿಂದಾಗಿ ಮಧ್ಯಾಹ್ನದ ಬಿಸಿಯನ್ನು ಕೆಲವು ಗಂಟೆ ಮುಂದಕ್ಕೆ ತಳ್ಳುತ್ತದೆ.

ಇನ್ನು 300 ಮಿ.ಮೀ. ಸಲ್ಲುವ ಜಾಗ. ಅಟ್ಟದ ಕೋಣೆಯ ಇಳಿಜಾರು ಸಾಮಾನ್ಯವಾಗಿ ನೆತ್ತಿಯವರೆಗೆ ಹೋಗುವುದಿಲ್ಲ. ನಡುವೆ ಅಡ್ಡತೊಲೆಗಳಿಗೆ ಬೋರ್ಡ್ ಹೊಡೆದು ಸಮತಟ್ಟು ಚಾವಣಿ ಮಾಡಿರುತ್ತಾರೆ. ಅದರ ಮೇಲೆ, ನೆತ್ತಿಯ ಕೆಳಗೆ ಖಾಲಿ ಜಾಗ ಇರುವುದರಿಂದ ದಪ್ಪಕ್ಕೆ ಏನೂ ತೆರಬೇಕಾಗಿಲ್ಲ. ಅಲ್ಲಿ 150 ತೊಲೆಗಳ ನಡುವೆ, ಇನ್ನೊಂದು 150 ಅವುಗಳಿಗೆ ಅಡ್ಡಲಾಗಿ, ಮರ ಮುಚ್ಚುವಂತೆ ಹಾಸಿಸಿ. ಇಳಿಜಾರಿನ ಗಾಳಿಯ ದಾರಿ ಈ ಜಾಗಕ್ಕೆ ತೆರೆದುಕೊಳ್ಳುವ ಬಾಯಿಯನ್ನು ಮಾತ್ರ ಹಾಸು ಮುಚ್ಚಬಾರದು. ಕೋಣೆಯ ಎರಡೂ ಬದಿಗೆ ಗಿಡ್ಡ ಗೋಡೆ ಕಟ್ಟಿಸುವುದಾದರೆ, ಅದರ ಹಿಂದಿನ ಮೂಲೆಯಲ್ಲಿ ಪದರ ತುಂಡಾಗದಂತೆ ನೋಡಿಕೊಳ್ಳಿ: ಇಳಿಜಾರಿನಲ್ಲಿಯೇ ಸೂರಿನ ಗೋಡೆಯವರೆಗೆ ಇಳಿಸಬೇಕು, ಇಲ್ಲವೇ ಗಿಡ್ಡ ಗೋಡೆಯ ಬೆನ್ನಿಗೂ ಅದರ ಹಿಂದಿನ ನೆಲಕ್ಕೂ ಹಾಕಿ, ಕೋಣೆಯ ನೆಲದ ತೊಲೆಗಳ ನಡುವೆ ಗಾಳಿ ನುಗ್ಗುವ ಬಾಯಿಗಳನ್ನು ತುಂಡು ಹಲಗೆಯಿಂದ ಮುಚ್ಚಬೇಕು.

ಮಾಡಿನ ಕಿಟಕಿಯ ವಿಷಯವನ್ನು ನೀವು ಕೇಳಿಲ್ಲ, ಆದರೆ ಅದು ಇದೇ ಲೆಕ್ಕಕ್ಕೆ ಸೇರಿದ್ದು. ಯು ಮೌಲ್ಯ 1.3 ಇರುವ ಒಳ್ಳೆಯ ಜೋಡಿ ಗಾಜಿನ ಕಿಟಕಿ ಕೂಡ ಒಂದು ಚದರ ಮೀಟರಿನಲ್ಲಿ ನಿಮ್ಮ ಮಾಡಿನ 7 ಚದರ ಮೀಟರಿನಷ್ಟು ಶಾಖ ಕಳೆಯುತ್ತದೆ. 300 ಮಿ.ಮೀ.ಗೆ ಮೀಸಲಿಟ್ಟ ಹಣ ನಿಮ್ಮಲ್ಲಿದ್ದರೆ ಅದನ್ನು ಇನ್ನೂ ಉತ್ತಮ ಕಿಟಕಿಗೆ, ಅದರ ಹೊರಗಡೆಯ ನೆರಳಿನ ಪರದೆಗೆ ಹಾಕಿ.

ಬೋರ್ಡ್ ಹೊಡೆಯುವ ಮುನ್ನ ಎರಡು ವಿಷಯಗಳನ್ನು ನೀವೇ ನಿಂತು ನೋಡಿ. ನಿರೋಧಕದೊಳಗೆ ಹುದುಗಿದ ವಿದ್ಯುತ್ ವೈರಿನ ಬಿಸಿ ಹೊರಹೋಗದೆ ಅದು ಸುರಕ್ಷಿತವಾಗಿ ಹೊರಬಲ್ಲ ಕರೆಂಟ್ ಅರ್ಧದವರೆಗೂ ಇಳಿಯಬಹುದು. ಗೀಸರ್, ಎಸಿಗಳಿಗೆ ಹೋಗುವ ವೈರುಗಳನ್ನು ಪದರದಿಂದ ಹೊರಗೆ, ಕೋಣೆಯ ಕಡೆಗೆ ತರಿಸಬೇಕು, ಅಥವಾ ಎಲೆಕ್ಟ್ರಿಷಿಯನ್‌ರಿಂದ ದಪ್ಪದ ವೈರ್ ಹಾಕಿಸಬೇಕು. ಎರಡನೆಯದು, 150 ಮಿ.ಮೀ. ಹಾಸು ಟಾರು ಹಾಳೆಗೆ ತಾಗಿದೆಯೇ ಎಂದು ಪ್ರತಿ ಅಂಕಣದಲ್ಲಿಯೂ ಸೂರಿನ ಬಳಿ ಟಾರ್ಚ್ ಹಾಕಿ ಪರೀಕ್ಷಿಸಿ. 50 ಮಿ.ಮೀ. ಜಾಗ ಉಳಿಯುವಂತೆ ಪಕಾಸಿನ ಬದಿಗಳಿಗೆ ತೆಳು ಪಟ್ಟಿ ಹೊಡೆಸಿದರೆ ಹಾಸು ಅದಕ್ಕಿಂತ ಮೇಲೇರುವುದಿಲ್ಲ, ಬೋರ್ಡ್ ಮುಚ್ಚಿದ ಮೇಲೂ ಗಾಳಿಯ ದಾರಿ ತೆರೆದೇ ಇರುತ್ತದೆ.